ಹೊಳಿ ಗಾಳಿಗೆ ಹಾಕಿದ ಅರ್ಜಿ

ಕೋರ್ಟು ಅಂದ್ರ ಬರೇ ಜಗಳದ ಜಾಗ ಅಂತ ತಿಳಿದವ್ರು ನನ್ನ ಜೋಡಿ ಒಂದು ದಿನ ಬರ್ರಿ, ಅಲ್ಲಿ ಬ್ಯಾರೆ ಥರದವೂ ನಡೀತನ ಇರ್ತಾವ. ಜೈಲಿನಾಗ ಇದ್ದವ್ರಿಗೆ ಪುಕಟ್ ವಕೀಲಿ ಮಾಡೂ ಕೆಲಸ ನಂದು. ಶಹಾಪುರ, ಸುರಪುರ, ಯಾದಗಿರಿ ಅಂತ ಬಸ್ಸಿನಾಗ ತೂಕಡಿಸ್ಕೋತ ತಿರಗ್ತೀನಿ. ಕಣ್ಣು ಮುಚ್ಚಿದ್ರ ಸಾಕು, ಒಬ್ಬ ಮೀನುಗಾರ ಮುದುಕನ ಕಿಟಕಿ ಕೇಸು ಕನಸಿನಾಂಗ ತೇಲಿ ಬರ್ತದ. ಯಾವ ಜೈಲು ಅಂತ ಮಾತ್ರ ಕೇಳಬ್ಯಾಡ್ರಿ.

ಫೀ

ಜಾಲ ಬೀಸೂ ಜಾಗಕ್ಕ ಬಡಿದಾಡಿ ಒಳಗ ಬಂದಿದ್ದ ಮುದುಕ. ಜಾಮೀನು ಅರ್ಜಿ ಬ್ಯಾರೆ ನಡೆದಿತ್ತು. ಅವನ ಖೋಲಿಗೆ ಹೊಳಿ ಕಡಿ ಒಂದು ಕಿಟಕಿ. ಹೊರಗಿಂದ ಯಾರೋ ಬೀಡಿ ಕಟ್ಟು ಒಗದ್ರು ಅಂತ ಜೈಲಿನವ್ರು ಅದಕ್ಕ ತಗಡು ಬಡದ್ರು. ಅವತ್ತಿಂದ ಮುದುಕಗ ನಿದ್ದಿ ಹೋತು. ಹೊಳಿ ಗಾಳಿ ಮುಖಕ್ಕ ತಾಗದ ಹೊರತು ಎಂದೂ ಮಲಗಿದವನಲ್ಲ.

"ಗಾಳಿ ನನ್ನ ಹಕ್ಕು ಹೌದಲ್ರಿ ವಕೀಲ ಬಾಯಾರ?" ಅಂದ.

ಹೌದು ಅಂತ ಅರ್ಜಿ ಬರದೆ. ಕೈದಿಗೆ ಕೋರ್ಟ್ ಫೀ ಮಾಫ್ ಅಂದ್ರ ಕೇಳ್ಲಿಲ್ಲ. ಜಾಲ ಬೀಸೂ ಮುಂದ ಹೊಳಿಗೆ ಮೊದಲು ಕಾಯಿ ಕೊಡೂದು ಅವ್ರ ಪದ್ಧತಿ. ಪುಕಟ್ ಕೇಳಿದ್ರ ಹೊಳಿನ ಕೊಡಂಗಿಲ್ಲ, ಜಡ್ಜ್ ಸಾಹೇಬ್ರು ಹ್ಯಾಂಗ ಕೊಡ್ತಾರ ಅಂತ ಅವನ ವಾದ. ಮರುದಿನ ಅವನ ಹೆಂಡ್ತಿ ಬಂದು ಕೋರ್ಟಿನ ಗುಮಾಸ್ತನ ಮುಂದ ತೆಂಗಿನಕಾಯಿ ಇಟ್ಲು. ಲಂಚ ಅಂದಾರು ಅಂತ ಗುಮಾಸ್ತ ಬೆವೆತು ಹೋದ. ಕಡೀಕ ಆಕಿ ಹೊರಗ ಬೇವಿನ ಗಿಡದ ಕೆಳಗ ಒಡದು ಹಂಚಿದ್ಲು. ಮೊದಲು ಕೈ ಚಾಚಿದವ ಗುಮಾಸ್ತನ: "ಈಗ ಇದು ಪ್ರಸಾದ್ರಿ."

ಪ್ರತಿವಾದಿ

ನೋಟಿಸ್ ಮುಟ್ಟಿದ ಮ್ಯಾಲ ಜೈಲರ್ ಸಾಹೇಬ್ರು ನನ್ನನ್ನ ಒಂದು ಮೂಲಿಗೆ ಕರದ್ರು. ಬೈತಾರ ಅಂತ ಎದಿ ಗಟ್ಟಿ ಮಾಡ್ಕೊಂಡು ಹೋದೆ. ಆ ಕಿಟಕಿ ಗಾಳಿನ ತಮ್ಮ ಆಫೀಸಿಗೂ ಬರ್ತಿತ್ತಂತ. ತಾವಾಗಿ ತಗಡು ತಗದ್ರ ಮ್ಯಾಲಿನವ್ರು ಸುಮ್ಮನ ಬಿಡಂಗಿಲ್ಲ, ಕೋರ್ಟ್ ಹೇಳಿದ್ರ ಯಾರೂ ಏನೂ ಅನ್ನಂಗಿಲ್ಲ ಅಂತ ಹೇಳಿ, ಆಚೀಚಿ ನೋಡಿ, ದನಿ ಸಣ್ಣ ಮಾಡಿದ್ರು: "ನನ್ನ ಮ್ಯಾಲ ಇನ್ನಾ ಸ್ವಲ್ಪ ಖಡಕ್ ಬರೀರಲ್ಲ."

ವಿಚಾರಣಿ

ಕಿಟಕಿ ಯಾಕ ಬೇಕು ಅಂತ ಜಡ್ಜ್ ಸಾಹೇಬ್ರು ಕೇಳಿದ್ರು. ಮುದುಕ ಕಣ್ಣು ಮುಚ್ಚಿದ. ಹೊಸ ನೀರು ಬರೂ ಮುಂದ ಗಾಳಿಗೆ ಹಸಿ ಮಣ್ಣಿನ ವಾಸನಿ, ಮೀನು ದಂಡಿಗೆ ಬಂದ್ರ ಬ್ಯಾರೆ ವಾಸನಿ, ನಸುಕಿನಾಗ ಗಾಳಿ ಕೆನ್ನಿ ಸವರಿದ್ರ ಸತ್ತ ಅವ್ವನ ಬಂದು ಕುಂತಾಂಗ ಆಗ್ತದ ಅಂತ ಮೆಲ್ಲಕ ಹೇಳ್ಕೋತ ಹೋದ. ತಗಡು ತಗದು, ಗಾಳಿ ಬಂದು ಬೀಡಿ ಬರದಾಂಗ ತಂತಿ ಜಾಳಗಿ ಬಡೀರಿ ಅಂತ ಹುಕುಂ ಆತು. ಆಮ್ಯಾಲ ಜಡ್ಜ್ ಸಾಹೇಬ್ರು ತಿರುಗಿ, ಫೈಲಿನ ಗಂಟು ಒಟ್ಟಿ ಮುಚ್ಚಿದ್ದ ತಮ್ಮ ಕಿಟಕಿ ನೋಡಿದ್ರು. ಜವಾನಗ, "ಅದನ್ನೂ ತಗಿಯಪ್ಪ," ಅಂದ್ರು.

ಬಿಡುಗಡಿ

ತಗಡು ಕಿತ್ತ ದಿನಾನ ಜಾಮೀನೂ ಆತು. ಮಧ್ಯಾಹ್ನ ಆರ್ಡರ್ ಹಿಡಕೊಂಡು, ಅವನ ಹೆಂಡ್ತಿನ್ನ ಕರಕೊಂಡು ಜೈಲಿಗೆ ಓಡಿದೆ. ಬಾಗಲದಾಗ ಜೈಲರ್ ಸಾಹೇಬ್ರು ತುಟಿ ಮ್ಯಾಲ ಬೆರಳಿಟ್ಟು ಒಳಗ ತೋರಿಸಿದ್ರು. ಕಿಟಕಿ ಕೆಳಗ ಮುದುಕ ಬಾಯಿ ತೆರದು ಮಲಗ್ಯಾನ, ಗಾಳಿಗೆ ಬಿಳಿ ಮೀಸಿ ಅಲ್ಲಾಡಾಕತ್ತದ. ಕಾವಲಿನವ್ರು ಬೂಟು ಕೈಯಾಗ ಹಿಡಕೊಂಡು ಬರಿಗಾಲಿಲೆ ಅಡ್ಡಾಡಾಕತ್ತಾರ. ಹೆಂಡ್ತಿ ಸೆರಗಿಲೆ ಕಣ್ಣು ಒರಸ್ಕೋತ ನಕ್ಕಳು.

ಎಬ್ಬಸ್ರಿ, ಮನಿಗೆ ಹೋಗ್ಲಿ ಅಂದೆ.

"ನೀವ ಎಬ್ಬಸ್ರಿ ಬಾಯಾರ," ಅಂದ್ರು ಸಾಹೇಬ್ರು. "ನಾ ಎಬ್ಬಿಸಿದ್ರ, ನಿದ್ದಿ ನನ್ನ ಹಕ್ಕು ಅಂತ ಇನ್ನೊಂದು ಕೇಸ್ ಹಾಕ್ತಾನ."