ಯುಕಾಗಿರ್ ಭಾಷೆಯೂ ರೆಹಾನಾ ಅವರ ಡಬ್ಬಿಯೂ

ಗೊತ್ತಿಲ್ಲದ ವಿಷಯದ ಬಗ್ಗೆ ಧೈರ್ಯವಾಗಿ ಮಾತನಾಡುವುದು ನನಗೆ ಮೊದಲಿನಿಂದಲೂ ಒಲಿದ ವಿದ್ಯೆ. ಗೊತ್ತಿರುವ ವಿಷಯವಾದರಂತೂ ನನ್ನನ್ನು ಹಿಡಿಯುವವರಿಲ್ಲ. ಭಾಷಾಶಾಸ್ತ್ರ ಕಲಿಸಿ ನಿವೃತ್ತನಾದ ನಾನು, ಬೈರಿದೇವರಕೊಪ್ಪದ ನಮ್ಮ ಓಣಿಯ ಭಾನುವಾರದ ಕೂಟದಲ್ಲಿ ಯುಕಾಗಿರ್ ಭಾಷೆಗಳ ಎರವಲು ಪದಗಳ ಕುರಿತು ಉಪನ್ಯಾಸ ಕೊಡಲು ಒಪ್ಪಿಕೊಂಡೆ. ಸೈಬೀರಿಯಾದ ಚಳಿಯಲ್ಲಿ ಬೆರಳೆಣಿಕೆಯ ಜನ ಆಡುವ ಭಾಷೆಗಳವು. ತುರ್ಕಿಕ್, ತುಂಗುಸಿಕ್, ಮಂಗೋಲಿಕ್ ನೆರೆಯವರಿಂದ ಆ ಜನ ಏನೇನು ಪಡೆದರೆಂದು ಅವುಗಳ ಪದಗಳೇ ಬಾಯಿಬಿಡುತ್ತವೆ.

"ಅದನ್ನ ಕೇಳಾಕ ಯಾರ್ ಬರ್ತಾರ್ರಿ?" ಎಂದಳು ಹೆಂಡತಿ ಗಿರಿಜಾ. ಹಿಂದಿನ ಸಲ ಅರ್ಧ ಮಂದಿ ನಡುವೆಯೇ ಎದ್ದು ಹೋಗಿದ್ದರು. ಈ ಸಲ ಮಾನ ಉಳಿಸಿಕೊಳ್ಳಲೇಬೇಕಿತ್ತು. ಮೂರು ದಿನ ಕೂತು ಬರೆದೆ. ಬರೆಯುವಾಗ ನನಗೆ ಬಾಯಾಡಿಸಲು ಏನಾದರೂ ಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಉಂಡಿಗಳಿದ್ದವು. ಅವು ಮುಗಿಯುವ ಹೊತ್ತಿಗೆ ಉಪನ್ಯಾಸವೂ ಮುಗಿಯಿತು. ಉದಾಹರಣೆಗೆ ಬಂದೀತೆಂದು ಖಾಲಿ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡೆ.

ಭಾನುವಾರ ಮಾತು ಶುರುಮಾಡಿದೆ; ಈ ಸಲ ಒಬ್ಬರೂ ಏಳಲಿಲ್ಲ. ಹುರುಪು ಬಂತು. "ಪಾತ್ರೆಗಳ ಮ್ಯಾಲೆ ಹೆಸರು ಕೊರಸ್ತೇವಲ್ರಿ, ಹಂಗ ಪದದ ಮ್ಯಾಲೂ ಅದು ಹುಟ್ಟಿದ ಮನಿ ಹೆಸರಿರ್ತದ. ನೋಡ್ರಿ, ಇದು ಅಪ್ಪಟ ನಮ್ಮ ಮನಿದು!" ಎಂದು ಡಬ್ಬಿ ಎತ್ತಿ ಹಿಡಿದೆ.

ಮುಂದಿನ ಸಾಲಿನಲ್ಲಿದ್ದ ಪಕ್ಕದ ಮನೆಯ ಮೆಕ್ಯಾನಿಕ್ ದಸ್ತಗೀರ ಸಾಹೇಬರು ಕನ್ನಡಕ ಏರಿಸಿಕೊಂಡರು. "ಸರ್ರ, ಅದರ ಮ್ಯಾಲೆ ರೆಹಾನಾ ಅಂತ ಐತಲ್ರಿ. ನಮ್ಮಾಕಿ ತವರಮನಿ ಡಬ್ಬಿರಿ ಅದು. ಹಬ್ಬಕ್ಕ ಸುರಕುಂಬಾ ಪಾಯಸಾ ತುಂಬಿ ಯಾರ ಮನಿಗೆ ಕಳಿಸಿದ್ನೋ ಅಂತ ಎರಡ ತಿಂಗಳಿಂದ ಹುಡಕಾಕತ್ತಾಳ್ರಿ."

ಸಭೆ ಗೊಳ್ಳೆಂದಿತು. ಹಿಂದಿನಿಂದ ಗಿರಿಜಾ ಎದ್ದು ನಿಂತಳು. "ಕೊಡಾಕಂತನ ಇಟ್ಟಿದ್ನಿರಿ ಭಾಯ್! ಖಾಲಿ ಡಬ್ಬಿ ಹೆಂಗ ಕೊಡೂದಂತ ಮೂರ ಸಲ ಉಂಡಿ ಕಟ್ಟಿ ತುಂಬೇನ್ರಿ. ಮೂರೂ ಸಲ ಇವರ ತಿಂದಾರ."

ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೂ ಖಾಲಿ ಡಬ್ಬಿ ಕೊಡುವ ಮನೆತನ ನಮ್ಮದಲ್ಲ. ಕೈಯಲ್ಲಿದ್ದ ಹನ್ನೆರಡು ಹಾಳೆಗಳ ಉಪನ್ಯಾಸವನ್ನೇ ಮಡಚಿ ಒಳಗಿಟ್ಟು ಕೊಟ್ಟೆ.

ಮರುದಿನ ಡಬ್ಬಿ ಬಿಸಿ ಶಿರಾ ತುಂಬಿಕೊಂಡು ವಾಪಸ್ ಬಂತು. "ಉಪನ್ಯಾಸ ಛಲೋ ಐತಂತ್ರಿ," ಎಂದರು ದಸ್ತಗೀರ ಸಾಹೇಬರು, "ಆದರ ಮುಂದಿನ ಸಲ ಉಂಡಿನ ಇರ್ಲಿ ಅಂದಾಳ್ರಿ ನಮ್ಮಾಕಿ."

ಇವತ್ತು ಗಿರಿಜಾ ಮತ್ತೆ ಉಂಡಿ ಕಟ್ಟಿ, ಡಬ್ಬಿ ತುಂಬಿ, ನನ್ನ ಕೈಗೆ ಎಟುಕದಂತೆ ಅಟ್ಟದ ಮೇಲಿಟ್ಟು ಸಂತೆಗೆ ಹೋಗಿದ್ದಾಳೆ. ನಾನು ಹೊಸ ಉಪನ್ಯಾಸ ಬರೆಯಲು ಕೂತಿದ್ದೇನೆ. ಕುರ್ಚಿಯನ್ನು ಮಾತ್ರ ಅಟ್ಟದ ಕೆಳಗೇ ಹಾಕಿಕೊಂಡಿದ್ದೇನೆ.