ಗ್ರಾಮರ್ ಮಾವನ ಮೂರು ಸಹಿ

ಶುಕ್ರವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಒಂದು ಹಾಳೆ ಮೇಜಿನಿಂದ ಮೇಜಿಗೆ ಬಂತು. ಇಂಗ್ಲಿಷಿನಲ್ಲಿ ಟೈಪಾಗಿದ್ದ ಅದು 'ದಿ ಸ್ಟಾಫ್ ಈಸ್' ಎಂದು ಶುರುವಾಗಿತ್ತು. ಕ್ಯಾಟಲಾಗ್ ಗುಮಾಸ್ತರ ಕಣ್ಣು ಆ 'ಈಸ್' ಮೇಲೆ ಬಿದ್ದು ಅಲ್ಲಿಂದ ಮುಂದೆ ಹೋಗಲೇ ಇಲ್ಲ.

ಅವರನ್ನು ಎಲ್ಲರೂ ಕರೆಯುವುದು ಗ್ರಾಮರ್ ಮಾವ ಎಂದು. ಹದಿನೈದು ವರ್ಷದಿಂದ ಅವರು ಯಾವ ಕಾಗದವನ್ನೂ ಓದಿದವರಲ್ಲ, ತಿದ್ದಿದವರು. ತಿದ್ದಿದ ಕಡೆಯೆಲ್ಲ ಅಂಚಿನಲ್ಲಿ ಸಹಿ ಹಾಕಬೇಕು, ಹಾಕಿದ ಮೇಲೆ ಹಿಂದೆ ಸರಿಯಬಾರದು ಎಂಬ ನಿಯಮ ತಂದವರೂ ಅವರೇ. ಅದರ ಮೇಲೆ, ಈ ಭಾನುವಾರ ಎದುರಿನ ಶಾಲೆಯವರು ಇಂಗ್ಲಿಷ್ ಚರ್ಚಾಸ್ಪರ್ಧೆಗೆ ಅವರನ್ನು ತೀರ್ಪುಗಾರರಾಗಿ ಕರೆದಿದ್ದರು. ಜೀವಮಾನದಲ್ಲಿ ಇದೇ ಮೊದಲು. ಸೋಮವಾರವೇ ಕೋಟು ಇಸ್ತ್ರಿಯಾಗಿತ್ತು, ಹೆಂಡತಿ ತನ್ನ ಅಕ್ಕತಂಗಿಯರಿಗೆಲ್ಲ ಫೋನ್ ಮಾಡಿ ಆಗಿತ್ತು. ಮಾವನ ಕಾಲು ನೆಲದ ಮೇಲಿರಲಿಲ್ಲ.

"ನಾವು ಏಳು ಜನ ಇದೀವಿ. ಏಳು ತಲೆ, ಏಳು ಬುದ್ಧಿ. ಈಸ್ ಹೇಗಾಗತ್ತೆ?" ಎನ್ನುತ್ತ ಅದನ್ನು ಹೊಡೆದು 'ಆರ್' ಬರೆದು ಸಹಿ ಎಳೆದರು.

ಟೈಪಿಸ್ಟ್ ಅಕ್ಕ ಕನ್ನಡಕ ಏರಿಸಿದರು. "ಏಳು ಜನ ಆದ್ರೂ ಗುಂಪು ಒಂದೇ ಅಲ್ವಾ ಮಾವ? ನಿಮ್ಮ ದಪ್ಪ ಪುಸ್ತಕ ಒಂದ್ಸಲ ನೋಡಿ."

ಗುಂಪು ಒಟ್ಟಾಗಿ ಕೆಲಸ ಮಾಡಿದರೆ ಏಕವಚನ ಎಂದು ಪುಸ್ತಕ ಹೇಳಿತು. ಬಲ್ಲವರಿಗೆ ಬಗ್ಗುವುದರಲ್ಲಿ ಅವಮಾನವಿಲ್ಲ. ಮತ್ತೆ 'ಈಸ್', ಎರಡನೇ ಸಹಿ.

"ಒಟ್ಟಾಗಿ?" ಎಂದು ಬೈಂಡರ್ ಅಂಟಿನ ಡಬ್ಬಿ ಕೆಳಗಿಟ್ಟ. "ನಾವು ಯಾವತ್ತು ಒಟ್ಟಾಗಿ ಕೆಲಸ ಮಾಡಿದೀವಿ? ನಾನು ಬರೋ ಹೊತ್ತಿಗೆ ಕೌಂಟರಿನವರು ಮನೆ ಸೇರಿರ್ತಾರೆ."

ಮಾತಿನಲ್ಲಿ ಸತ್ಯವಿತ್ತು. ಮತ್ತೆ 'ಆರ್', ಮೂರನೇ ಸಹಿ.

"ನಿಮ್ಮನ್ನ ಬಿಟ್ರೆ ಈ ಹಾಳೆ ಮೇಲೆ ಪೆನ್ನಿಡೋ ಧೈರ್ಯ ನಮಗ್ಯಾರಿಗಿದೆ?" ಎಂದ ಟೈಪಿಸ್ಟ್ ಅಕ್ಕನ ಮಾತಿಗೆ ಮಾವ ಉಬ್ಬಿಹೋದರು. ಹಾಳೆಯನ್ನು ಮಗುವಿನಂತೆ ಎತ್ತಿಕೊಂಡು ತಾವೇ ಗ್ರಂಥಪಾಲಕಿಯ ಕೋಣೆಗೆ ಒಯ್ದರು.

ಗ್ರಂಥಪಾಲಕಿಯ ಮುಖ ಅರಳಿತು. "ಲಿಫ್ಟ್ ಕೆಟ್ಟಿದೆ, ಹಳೇ ಸಂಪುಟಗಳನ್ನ ಮೂರನೇ ಮಹಡಿಗೆ ಹೊರಬೇಕು, ಬರೋಕೆ ಒಪ್ಪಿದೋರು ಭಾನುವಾರಕ್ಕೊಂದರಂತೆ ಅಂಚಿನಲ್ಲಿ ಸಹಿ ಮಾಡಿ ಅಂತ ಬರೆಸಿದ್ದೆ. ಒಬ್ರೂ ಮಾಡಲ್ಲ ಅಂದ್ಕೊಂಡಿದ್ದೆ. ನೀವೊಬ್ರೇ ಮೂರು ಭಾನುವಾರಕ್ಕೆ ಒಪ್ಪಿದೀರಲ್ಲ."

ಮಾವ ಆ ಹಾಳೆಯನ್ನು ಮೊದಲ ಸಲ ಪೂರ್ತಿ ಓದಿದರು. "ಮೇಡಂ, ಅದು ತಿದ್ದಿದ್ದಕ್ಕೆ ಹಾಕಿದ ಸಹಿ. ಈ ಭಾನುವಾರ ನಾನು ತೀರ್ಪುಗಾರ..."

"ಅಂಚಿನಲ್ಲಿ ಸಹಿ ಹಾಕಿದ ಮೇಲೆ ಹಿಂದೆ ಸರಿಯೋ ಹಾಗಿಲ್ಲ ಅಂತ ನಿಯಮ ತಂದದ್ದು ನೀವೇ ಅಲ್ವಾ? ಶಾಲೆಗೆ ಬೇರೆಯವರನ್ನ ಕಳಿಸ್ತೀನಿ ಬಿಡಿ."

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತಾಯಿತು. ಹೊರಗೆ ಬಂದರೆ ಆರು ಜನವೂ ತಲೆ ಬಗ್ಗಿಸಿ ಎಂದೂ ಇಲ್ಲದಷ್ಟು ಒಟ್ಟಾಗಿ ಕೆಲಸ ಮಾಡುತ್ತಿದ್ದರು.

ಭಾನುವಾರ ಮಾವ ಒಂಬತ್ತನೇ ಕಟ್ಟು ಹೊತ್ತು ಮೂರನೇ ಮಹಡಿ ಹತ್ತಿದಾಗ ಕಿಟಕಿಯಿಂದ ಶಾಲೆಯ ಮೈಕು ಕೇಳಿಸಿತು. ಇಣುಕಿ ನೋಡಿದರೆ ತೀರ್ಪುಗಾರರ ಕುರ್ಚಿಯಲ್ಲಿದ್ದವರು ಟೈಪಿಸ್ಟ್ ಅಕ್ಕ. ಮಾವನ ಹೊಟ್ಟೆ ಉರಿಯಿತು.

"ಈ ಕುರ್ಚಿ ನನ್ನದಲ್ಲ," ಎನ್ನುತ್ತಿದ್ದರು ಅಕ್ಕ. "ನಮ್ಮ ಗ್ರಾಮರ್ ಮಾವನದು. ನನ್ನ ಇಂಗ್ಲಿಷ್ ತಿದ್ದಿದವರು ಅವರೇ. ಅಂಥವರು ಈ ಊರಿಗೆ ಒಬ್ರೇ."

ಚಪ್ಪಾಳೆ ಕೇಳಿತು. ಮಾವ ಧೂಳು ಕೊಡವಿಕೊಂಡು ಎದೆ ಸೆಟೆಸಿದರು. ಆಮೇಲೆ ಕೆಳಗಿಳಿದು, ಈ ಸಲ ಎರಡು ಕಟ್ಟು ಹೊತ್ತು ತಂದರು.