ಮಾವನ ಗಾಳಿ ತುಪ್ಪ

ಇಳಕಲ್ಲಿನಲ್ಲಿ ಗಾಳಿಯನ್ನು ಪೀಪಾಯಿಯಲ್ಲಿ ತುಂಬಿಟ್ಟವರು ಯಾರಾದರೂ ಇದ್ದರೆ ಅವರು ನಮ್ಮ ಸೋದರಮಾವ ಒಬ್ಬರೇ. ಊರಿನ ಉಳಿದ ಗಂಡಸರೆಲ್ಲ ಅದನ್ನು ಮಾತಿನಲ್ಲೇ ಖರ್ಚು ಮಾಡಿದವರು.

ಮಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಅದೇ ಊರಿನ ಕನ್ನಡ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕಿದ್ದರಿಂದ ಎಪ್ಪತ್ತರ ದಶಕದ ಕೊನೆಗೆ ನಾನು ಅವರ ಮನೆಯಲ್ಲೇ ಇದ್ದೆ. ಆಗ ಸೀಮೆಎಣ್ಣೆಯ ಸಾಲು ಅಂಗಡಿಯಿಂದ ಹೊರಟು ಬಜಾರದ ತಿರುವನ್ನೂ ದಾಟುತ್ತಿತ್ತು. ಆ ಸಾಲಿನಲ್ಲಿ ಅರ್ಧ ದಿನ ನಿಂತು ಖಾಲಿ ಡಬ್ಬಿಯೊಂದಿಗೆ ಮರಳಿದ ದಿನ ಮಾವ ಸಾರಿಬಿಟ್ಟರು: ಇನ್ನು ಮೇಲೆ ಈ ಮನೆಯ ಒಲೆ ಗಾಳಿಯಿಂದ ಉರಿಯತಕ್ಕದ್ದು.

ಗಾಳಿಗೆ ಒಲೆ ಆರುತ್ತದೆ ಎಂದಷ್ಟೇ ಗೊತ್ತಿದ್ದ ಅತ್ತೆ ಕಟ್ಟಿಗೆ ಒಲೆ ಹೊತ್ತಿಸಲು ಹೋದರು.

ಗುಜರಿಯಿಂದ ಹಳೆಯ ಜೀಪಿನ ಡೈನಮೋ ಬಂತು. ಪೀಪಾಯಿಯೊಂದನ್ನು ಸೀಳಿ ರೆಕ್ಕೆ ಮಾಡಿಸಿ, ಮಾಳಿಗೆಯ ಮೇಲೆ ಕಂಬ ನಿಲ್ಲಿಸಿದರು. ರೆಕ್ಕೆ ತಿರುಗಿದರೆ ಕರೆಂಟು; ಆ ಕರೆಂಟನ್ನು ಸೋಡಾ ಬೆರೆಸಿದ ನೀರಿಗೆ ಬಿಟ್ಟರೆ ನೀರು ಒಡೆದು ಜಲಜನಕ ಬೇರೆ, ಆಮ್ಲಜನಕ ಬೇರೆ. ಜಲಜನಕ ನಳಿಕೆಯಲ್ಲಿ ಹರಿದು, ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿದ ಇನ್ನೊಂದು ಪೀಪಾಯಿಯೊಳಗೆ ಸೇರುತ್ತದೆ. ಆಷಾಢದ ಗಾಳಿಗೆ ಆ ಯಂತ್ರ ಎಬ್ಬಿಸಿದ ಸದ್ದು ಎಂಥದೆಂದರೆ, ಮಗ್ಗದ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದ ಓಣಿ ಎದ್ದು ಕೂತಿತು.

ಒಂದು ದಿನ ಅತ್ತೆ ಕೇಳಿದರು: "ನೋಡ್ರಿ, ಕರೆಂಟ್ ಬಂತಲ್ಲ, ಅದರಾಗ ಬಲ್ಬ್ ಹಚ್ಚಬಾರದೇನು? ಕರೆಂಟ್ ಗ್ಯಾಸ್ ಮಾಡೂದು, ಗ್ಯಾಸ್ ಉರಿ ಮಾಡೂದು, ನಡುವ ಎಷ್ಟ ಸೋರತೈತಿ?"

"ಅರ್ಧಕ್ಕಿಂತ ಹೆಚ್ಚ ಸೋರತೈತಿ," ಎಂದರು ಮಾವ, ಬಹುಮಾನ ಬಂದವರ ಹಾಗೆ. "ನೀ ಹಾಲಿಗೆ ಹೆಪ್ಪ ಹಾಕಿ, ಕಡದು, ಕಾಸಿ ತುಪ್ಪ ಯಾಕ ಮಾಡ್ತಿ? ಹಾಲ ನಾಳಿಗಿ ಒಡೀತೈತಿ, ತುಪ್ಪ ಉಳೀತೈತಿ. ಗಾಳಿನೂ ಹಂಗ. ಇವತ್ತ ಬೀಸತೈತಿ, ನಾಳಿ ಇರೂದಿಲ್ಲ. ಗ್ಯಾಸ್ ಅಂದ್ರ ಗಾಳಿ ತುಪ್ಪ."

"ಚಮಚಾ ತುಪ್ಪಕ್ಕ ಎಮ್ಮಿನ ಮಾರಿದಂಗಾತು," ಎಂದು ಅತ್ತೆ ಒಳಗೆ ಹೋದರು.

ದೊಡ್ಡ ದೊಡ್ಡವರು ಚರ್ಚಿಸುವ ಅರ್ಥಶಾಸ್ತ್ರವೂ ಇಷ್ಟೇ ಅಲ್ಲವೇ? ಅತ್ತೆಯ ಮಟ್ಟಿಗೆ ಅದು ಅಲ್ಲಿಗೆ ಮುಗಿಯಿತು. ಮಾವನಿಗೆ ಮುಗಿಯಲಿಲ್ಲ. ಸರಕಾರ ಸಹಾಯಧನ ಕೊಟ್ಟರೆ ದೊಡ್ಡ ರೆಕ್ಕೆ, ರೆಕ್ಕೆ ದೊಡ್ಡದಾದರೆ ಗ್ಯಾಸು ಅಗ್ಗ ಎಂದು ಬಾಗಲಕೋಟೆಯಿಂದ ಅಧಿಕಾರಿಯೊಬ್ಬರನ್ನು ಕರೆಸಿಯೇ ಬಿಟ್ಟರು.

ಅಧಿಕಾರಿಗಳು ಮಟಮಟ ಮಧ್ಯಾಹ್ನ ಬಂದು ಮಾಳಿಗೆ ಹತ್ತಿದರು. ಗಾಳಿ ಪೂರಾ ನಿಂತಿತ್ತು. ಮಾವ ಅಳುಕಲಿಲ್ಲ, ಗಾಳಿ ನಿಂತಾಗ ಬೇಕೆಂದೇ ಅಲ್ಲವೇ ಪೀಪಾಯಿ ತುಂಬಿಟ್ಟದ್ದು? ನಲ್ಲಿ ತಿರುವಿ, ಮಾಳಿಗೆಯ ಮೇಲೆಯೇ ಇಟ್ಟಿದ್ದ ಒಲೆಗೆ ಕಡ್ಡಿ ಗೀರಿದರು. ಆದರೆ ಜಲಜನಕದ ಉರಿ ಬಿಸಿಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ.

"ಎಲ್ಲೈತ್ರಿ ಮಾಸ್ತರ, ನಿಮ್ಮ ಉರಿ?" ಎಂದು ಅಧಿಕಾರಿಗಳು ಬೆವರೊರೆಸುತ್ತಿದ್ದ ಕರವಸ್ತ್ರವನ್ನೇ ಒಲೆಯತ್ತ ಚಾಚಿ ತೋರಿಸಿದರು.

"ಕೈ ಹಿಂದ ತಗೋರಿ ಸಾಹೇಬ್ರ," ಎಂದು ಮಾವ ಅನ್ನುವಷ್ಟರಲ್ಲಿ ಕರವಸ್ತ್ರವೇ ಉರಿಯನ್ನು ಹುಡುಕಿಕೊಂಡಿತ್ತು.

ತೊಟ್ಟಿಯ ನೀರಲ್ಲಿ ಕೈ ಅದ್ದಿ ಸಮಾಧಾನವಾದ ಮೇಲೆ ಅಧಿಕಾರಿಗಳು ಕೇಳಿದರು: "ಈ ಎಲ್ಲಾದಕ್ಕ ಹಾಕಿದ ರೊಕ್ಕಕ್ಕ ಸೀಮಿಎಣ್ಣಿ ಎಷ್ಟ ಬರತಿತ್ರಿ?"

ಸುಳ್ಳು ಹೇಳಲು ಅವಕಾಶವಿತ್ತು. ಮಾವ ಹೇಳಲಿಲ್ಲ. "ವರ್ಷಗಟ್ಟಲೆ ಒಲಿ ಹಚ್ಚೂವಷ್ಟ ಬರತಿತ್ರಿ. ಆದ್ರ ಇದು ಇವತ್ತಿನ ಲೆಕ್ಕ. ಸೀಮಿಎಣ್ಣಿಗೆ ಹಚ್ಚಿದಂಗ ಗಾಳಿಗೆ ಯಾರೂ ಪಾಳಿ ಹಚ್ಚೂದಿಲ್ಲ. ಅದನ್ನೂ ಹಿಡೀರಿ ಲೆಕ್ಕಕ್ಕ."

"ಅದಕ್ಕ ನಮ್ಮಲ್ಲಿ ಕಾಲಂ ಇಲ್ರಿ," ಎಂದು ಅಧಿಕಾರಿಗಳು ಮೆತ್ತಗೆ ಹೇಳಿ ಹೊರಟುಹೋದರು. ಸಹಾಯಧನ ಬರಲಿಲ್ಲ.

ಆ ಸಂಜೆ ಮಾವ ಮಾಳಿಗೆಯಿಂದ ಇಳಿಯಲೇ ಇಲ್ಲ. ಸೋತುಹೋದರು ಅಂದುಕೊಂಡೆ. ಅಷ್ಟರಲ್ಲಿ ಮೇಲಿನಿಂದ ನನ್ನನ್ನು ಕೂಗಿದರು: "ತಂಗಿ, ಜೋಳದ ಹಿಟ್ಟ, ಹಂಚ ತಗೊಂಡ ಬಾ. ನಿಮ್ಮ ಅತ್ತಿನ್ನೂ ಕರಕೊಂಡ ಬಾ."

ಮೇಲೆ ಬಂದ ಅತ್ತೆ ಅಭ್ಯಾಸದಂತೆ ಹಿಟ್ಟಿಗೆ ಕೈ ಹಾಕಿದರೆ ಮಾವ ಬಿಡಲಿಲ್ಲ. "ನೀ ಕುಂದರು," ಎಂದು ತಾವೇ ನಾದಿದರು, ತಾವೇ ಬಡಿದರು. ಹುಟ್ಟಿದಾಗಿನಿಂದ ಹಿಟ್ಟು ಮುಟ್ಟಿದವರಲ್ಲ. ರೊಟ್ಟಿ ಅಲ್ಲಲ್ಲಿ ಹರಿದು, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಾಯಿತು. ಪೀಪಾಯಿಯಲ್ಲಿ ಉಳಿದ ಗ್ಯಾಸು ಅದೊಂದಕ್ಕೇ ಸಾಕಾಯಿತು. ಬೆಂದ ರೊಟ್ಟಿಯನ್ನು ಮಾವ ತಾವೂ ಮುರಿಯಲಿಲ್ಲ, ನನಗೂ ಕೊಡಲಿಲ್ಲ. ಅತ್ತೆಯ ಮುಂದೆ ಹಿಡಿದರು.

"ಮೊದಲ ನಿಮ್ದೆಲ್ಲಾ ಊಟ ಆಗಲಿ. ನಾ ಆಮ್ಯಾಲ ತಿಂತೇನಿ," ಎಂದರು ಅತ್ತೆ.

"ಮದುವಿ ಆದಾಗಿಂದ ನಮಗೆಲ್ಲಾ ಬಿಸಿದು ಹಾಕಿ ನೀ ಆರಿದ್ದ ತಿಂದಿ," ಎಂದರು ಮಾವ. "ನೀ ಬಿಸಿ ರೊಟ್ಟಿ ತಿಂದದ್ದ ನಾ ಒಮ್ಮಿನೂ ನೋಡಿಲ್ಲ. ಆರೂದ್ರೊಳಗ ತಿನ್ನು."

ಅತ್ತೆ ರೊಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಒಂದು ತುಣುಕು ಮುರಿದು ಬಾಯಿಗಿಟ್ಟರು. ನಾಲಿಗೆ ಸುಟ್ಟಿತೋ ಏನೋ, ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳದೆ ಇನ್ನೊಂದು ತುಣುಕು ಮುರಿದರು.